ರಾಮಯ್ಯನವರ ಬಾವಿ

ಎಪ್ಪತ್ನಾಲ್ಕರ ಆ ಭಾನುವಾರ ಸುಂಕದಕಟ್ಟೆಯ ಅರಳಿಕಟ್ಟೆಗೆ ವಿಜಯನಗರದಿಂದ ಮೈಕು ತರಿಸಿ ಕಟ್ಟಿದಾಗ ಕಿಟ್ಟಪ್ಪನಿಗೆ ಹಬ್ಬವೋ ಹಬ್ಬ. ಬಿ.ಎ. ಓದುತ್ತಿದ್ದ ಈ ಹುಡುಗನ ಗಂಟಲಲ್ಲಿ ಅರ್ಧ ಊರೇ ಬಾಡಿಗೆಗಿತ್ತು. ಯಾರ ದನಿ ಕೇಳಿದರೂ ತೆಗೆದುಕೊಡುತ್ತಿದ್ದ.

ತಾಲ್ಲೂಕಿಗೆ ಬಂದ ಹೊಸ ಅಧಿಕಾರಿ ರೇವಣಸಿದ್ದಪ್ಪನವರು ಧಾರವಾಡದ ಕಡೆಯವರು. ಬಾವಿ ತೋಡಿಸಲು ಸರ್ಕಾರದ ಸಬ್ಸಿಡಿ ಯಾರಿಗೆ ಸಿಕ್ಕಿದೆ ಅನ್ನೋದನ್ನ ಊರೆದುರಿಗೇ ಓದಿಸಬೇಕು ಅಂತ ಅವರ ಹಟ. ಪಟ್ಟಿ ಓದಬೇಕಿದ್ದ ಗುಮಾಸ್ತನಿಗೆ ಗಂಟಲು ಕಟ್ಟಿತ್ತು.

"ಏ ತಮ್ಮಾ, ನೀ ಕಾಲೇಜ್ ಹುಡುಗ ಅಲ್ಲೇನು? ನೀನ ಓದು. ಸರ್ಕಾರದ ರೊಕ್ಕ ಯಾರ ಮನಿಗೆ ಹೋತು, ಮಂದಿಗೆ ತಿಳೀಲಿ."

"ಸಬ್ಸಿಡಿ ಸಿಕ್ಕಿದೋರಿಗೆ ಬಾವಿ, ಸಿಗದೋರಿಗೆ ಸಿಡಿಮಿಡಿ!" ಅಂತ ಶುರುಮಾಡಿದ ಕಿಟ್ಟಪ್ಪ. "ಮುನಿಯಣ್ಣ, ಬಾವಿ ಒಂದು" ಎಂದು ಓದಿ, ಮುನಿಯಣ್ಣನ ಮೂಗಿನ ದನಿಯಲ್ಲೇ, "ಬಾವಿ ನಂದು ಕಣ್ರಪ್ಪಾ, ಸೇದೋರು ಮಾತ್ರ ಊರೋರು!" ಎಂದ. ಜನ ಬಿದ್ದು ಬಿದ್ದು ನಕ್ಕರು. "ಹನುಮಕ್ಕ, ಬಾವಿ ಒಂದು" ಎಂದು ಅವಳ ಗೊರಗೊರ ಕೆಮ್ಮನ್ನೂ ಸೇರಿಸಿದ. "ನಿನ್ ಬಾಯಿಗೆ ಮಣ್ಣಾಕ!" ಅಂತ ಹನುಮಕ್ಕನೇ ನಕ್ಕಳು.

ಮುಂದಿನ ಹೆಸರು ಕಂಡದ್ದೇ ಕಿಟ್ಟಪ್ಪ ಓದು ನಿಲ್ಲಿಸಿದ. ರಾಮಯ್ಯ, ಬಾವಿ ಒಂದು.

ಅವನ ಅಪ್ಪ. ಅವರ ಹೊಲದಲ್ಲಿ ಬಾವಿ ಇರಲಿ, ಮೊಣಕಾಲುದ್ದದ ಗುಂಡಿಯೂ ಇರಲಿಲ್ಲ. ಊರಿನ ಜಗಳಕ್ಕೆಲ್ಲ ನ್ಯಾಯ ಹೇಳುವ, ಹೇಳುವ ಮುಂಚೆ ಗಳಿಗೆಗಟ್ಟಲೆ ಬಾಯಿ ಬಿಡದೆ ಕೂರುವ ರಾಮಯ್ಯನವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಎಲ್ಲರೂ ಮಗನನ್ನು ನೋಡುತ್ತಿದ್ದರೆ ಅವರು ನೆಲ ನೋಡುತ್ತಿದ್ದರು. ಬಾವಿ ತೋಡದೆಯೇ ಅಪ್ಪ ದುಡ್ಡು ತಗೊಂಡಿದ್ದಾರೆ ಅಂತ ಆಗಲೇ ಕಿಟ್ಟಪ್ಪನಿಗೆ ಹೊಳೆದದ್ದು.

ಆ ಹೆಸರು ದಾಟಿಸಿಬಿಡಬಹುದಿತ್ತು. ಅಧಿಕಾರಿಗಳು ಎಳನೀರು ಕುಡಿಯುತ್ತಿದ್ದರು.

ಮೈಕು ಸುಮ್ಮನಾದದ್ದು ನೋಡಿ ಹಿಂದಿನಿಂದ ಯಾರೋ ಕೂಗಿದರು: "ಆಹಾ! ರಾಮಯ್ಯನೋರ್ ಥರಾನೇ ಗಪ್‌ಚುಪ್! ಏನ್ ಮಿಮಿಕ್ರಿ ಮಾಡ್ತಾವ್ನೆ ನೋಡ್ರೋ!"

ಕಟ್ಟೆಯೇ ಹಾರಿಹೋಗುವಂಥ ನಗು. ಹೆಂಗಸರ ನಡುವೆ ಅವನ ಅವ್ವ ಗಂಗಲಕ್ಷ್ಮಮ್ಮನೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಹಗ್ಗ ಉಜ್ಜಿ ಉಜ್ಜಿ ಸಿಪ್ಪೆ ಎದ್ದ ಕೈ. ದಿನಾ ಮುನಿಯಣ್ಣನ ಬಾವಿಯಲ್ಲಿ ಎಲ್ಲರದೂ ಮುಗಿದ ಮೇಲೆ ಅವಳ ಸರದಿ, ಜೊತೆಗೆ ಆ ಮನೆಯವರ ಕೊಂಕು.

"ರಾಮಯ್ಯ. ಬಾವಿ ಒಂದು." ಈ ಸಲ ಕಿಟ್ಟಪ್ಪನದೇ ದನಿ. ಅದು ಹೇಗಿದೆ ಅಂತ ಊರು ಮೊದಲ ಸಲ ಕೇಳಿತು.

ನಗು ಕತ್ತರಿಸಿದಂತೆ ನಿಂತಿತು.

"ಎಲ್ಲಿ ಬಾವಿ?" ಯಾರೋ ಕೇಳಿದರು.

ರೇವಣಸಿದ್ದಪ್ಪನವರು ಕಾಗದ ಇಸಕೊಂಡು ನೋಡಿದರು. "ತನಿಖಿಗೆ ಬಂದವ್ರು ಕಣ್ಣಾರೆ ನೋಡ್ಯಾರಲ್ಲ! ಹಲಸಿನ ಗಿಡದ ಬಾಜೂಕ ಅಂತ ಬರದಾರ."

ಮುನಿಯಣ್ಣ ಧಡಕ್ಕನೆ ಎದ್ದ. "ಸ್ವಾಮೀ, ಆ ಹಲಸಿನ ಮರ ನಂದು! ನನ್ ಬಾವಿ ತೋರ್ಸಿ ನಿಮ್ದು ಅಂದ್ರಾ, ರಾಮಯ್ಯನೋರೇ? ನೀವಾ?"

ರಾಮಯ್ಯನವರು ಹೆಗಲ ವಸ್ತ್ರ ಸರಿಮಾಡಿಕೊಂಡು ಮತ್ತೆ ನೆಲ ನೋಡಿದರು. ಈಗ ಯಾರೂ ನಗಲಿಲ್ಲ.

ಗಂಗಲಕ್ಷ್ಮಮ್ಮ ಎದ್ದು ಸರಸರ ಮನೆಗೆ ಹೋದಳು. ಅಳೋಕೆ ಹೋದಳು ಅಂದುಕೊಂಡರು ಜನ. ಅವಳು ಖಾಲಿ ಬಿಂದಿಗೆ ಹಿಡಿದು ವಾಪಸು ಬಂದು ಗಂಡನ ಕಾಲ ಬಳಿ ಕುಕ್ಕಿದಳು.

"ಏಳ್ರಿ. ನಮ್ ಬಾವಿ ತೋರ್ಸಿ. ನೀರು ಸೇದ್ಬೇಕು."

"ಮನೇಲಿ ಮಾತಾಡಾನ ಕಣೇ…"

"ಮನೇಲಿ ಬಾವಿ ಇದ್ರೆ ಅಲ್ಲೇ ಮಾತಾಡಾನ."

ರಾಮಯ್ಯನವರು ಬಿಂದಿಗೆ ಎತ್ತಿಕೊಂಡರು. ಊರು ದಾರಿ ಬಿಟ್ಟಿತು. ಹಾದಿ ಕವಲೊಡೆಯುವ ತನಕ ನಡೆದರು. ಎಡಕ್ಕೆ ಮುನಿಯಣ್ಣನ ಹಲಸಿನ ಮರ, ಬಲಕ್ಕೆ ಅವರ ಒಣ ಹೊಲ. ಬಿಂದಿಗೆ ಹಿಡಿದು ಅಲ್ಲೇ ನಿಂತುಬಿಟ್ಟರು.