ನಾನು ಸಗಣಿ ಹಾಕದ ಮನೆ

ನಾನು ಒಂದು ಹಸು. ಹೀಗೆಂದ ಕೂಡಲೇ ನೀವು ಕೈ ಮುಗಿಯಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ಕೈ ಮುಗಿಯುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಮುಗಿದವರು ಆಮೇಲೆ ಏನನ್ನೋ ಕೇಳಿಯೇ ಕೇಳುತ್ತಾರೆ. ಅದು ಹಾಲಾಗಿರಬಹುದು, ಕರುವಾಗಿರಬಹುದು. ನನ್ನ ವಿಷಯದಲ್ಲಿ ಅದು ಬಹಳ ಸಲ ಸಗಣಿಯಾಗಿತ್ತು.

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಗಳ ಹಿಂಬದಿಯ ಒಂದು ಕೊಟ್ಟಿಗೆಯಲ್ಲಿ. ಅವ್ವ ನನ್ನನ್ನು ನೆಕ್ಕಿ ಒಣಗಿಸಿದ ಮೇಲೆ ನಾನು ಮಾಡಿದ ಮೊದಲ ಕೆಲಸ ನೆಲ ಮೂಸಿದ್ದು. ನಮ್ಮ ಜಾತಿಯೇ ಹಾಗೆ, ಕಾಲಿಡುವ ಮೊದಲು ಮೂಗಿಡುತ್ತೇವೆ. ನೆಲ ಹೊಳೆದರೆ ನೀರಿದೆಯೋ ಎಂದು ಅನುಮಾನ. ಕಪ್ಪಗಿದ್ದರೆ ಗುಂಡಿಯಿದೆಯೋ ಎಂದು ಅನುಮಾನ. ಬಾಗಿಲು ಕಿರಿದಾಗಿದ್ದರೆ ಒಳಗೆ ಹೋದವಳು ಹೊರಗೆ ಬರುತ್ತೇನೋ ಇಲ್ಲವೋ ಎಂಬ ಅನುಮಾನ. ಕೆಲವರು ಇದನ್ನು ಪುಕ್ಕಲುತನ ಎನ್ನುತ್ತಾರೆ. ಅನ್ನಲಿ ಬಿಡಿ, ಜಾರಿ ಬಿದ್ದು ಕಾಲು ಮುರಿದುಕೊಂಡರೆ ಅವರೇನು ಹೊತ್ತು ತಿರುಗುವುದಿಲ್ಲ.

ನನ್ನ ಮಾಲೀಕನ ಹೆಸರು ರುದ್ರೇಶ. ಹಾಲು ಮಾರುತ್ತಿದ್ದ. ಆದರೆ ಅವನ ಹೊಟ್ಟೆ ತುಂಬಿಸಿದ್ದು ಹಾಲಲ್ಲ, ಗೃಹಪ್ರವೇಶ. ಹೊಸ ಮನೆಗೆ ಮನೆಯವರಿಗಿಂತ ಮೊದಲು ಹಸು, ಕರು ಕಾಲಿಡಬೇಕೆಂಬ ಪದ್ಧತಿ ನಿಮಗೆ ಗೊತ್ತೇ ಇದೆ. ಊರಿನಲ್ಲಿ ಮನೆಗಳು ಹೆಚ್ಚಾಗಿ ಹಸುಗಳು ಕಡಿಮೆಯಾದಾಗ ರುದ್ರೇಶ ನಮ್ಮನ್ನು ಬಾಡಿಗೆಗೆ ಕೊಡತೊಡಗಿದ. ನನ್ನ ಕೊಂಬಿಗೆ ಬಣ್ಣ ಬಳಿದ, ಕೊರಳಿಗೆ ಗೆಜ್ಜೆ ಕಟ್ಟಿದ. ಒಳಗೆ ಹೋದ ಹಸು ಅಲ್ಲೇ ಸಗಣಿ ಹಾಕಿಬಿಟ್ಟರೆ ಸಾಕ್ಷಾತ್ ಲಕ್ಷ್ಮಿಯೇ ಬಂದಳೆಂದು ಜನ ಕುಣಿದಾಡುತ್ತಾರೆ. ಅದಕ್ಕೇ ಅವನು ಬೆಳಗ್ಗೆ ಎದ್ದ ತಕ್ಷಣ ನನಗೆ ಹೊಟ್ಟೆ ಬಿರಿಯುವಷ್ಟು ಹಸಿಹುಲ್ಲು ಹಾಕಿ, ಬೆಲ್ಲದ ನೀರು ಕುಡಿಸುತ್ತಿದ್ದ. ಹೊಟ್ಟೆ ತುಂಬಿಸುವುದು ಅವನ ಕೈಯಲ್ಲಿತ್ತು. ಅದು ಹೊರಗೆ ಬರುವುದಕ್ಕೆ ಮಾತ್ರ ಹೆದರಿಕೆ ಬೇಕಿತ್ತು. ಅದನ್ನು ಹೊಸ ಮನೆಗಳು ಧಾರಾಳವಾಗಿ ಒದಗಿಸುತ್ತಿದ್ದವು.

ನಮ್ಮ ಕೊಟ್ಟಿಗೆಗೆ ತೌಡು ತಂದು ಹಾಕುತ್ತಿದ್ದವಳು ಕೆಂಚಮ್ಮ. ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವವಳು. ಭಟ್ಟಿಯ ಗೋಡೆಗೇ ಆತುಕೊಂಡ ತಗಡಿನ ಶೆಡ್ಡಿನಲ್ಲಿ ಅವಳ ಸಂಸಾರ. ಅವಳ ಅತ್ತೆ ಓಬಮ್ಮನಿಗೆ ಹೊಗೆ ಕುಡಿದು ಕುಡಿದು ದಮ್ಮು. ಮುದುಕಿ ಉಸಿರೆಳೆದರೆ ಕೊಟ್ಟಿಗೆಯವರೆಗೂ ಸೀಟಿ ಕೇಳುತ್ತಿತ್ತು. ಭಟ್ಟಿ ಉರಿಯುವಾಗ ಮಲಗಿದರೆ ಉಸಿರು ಕಟ್ಟುತ್ತದೆಂದು ಅವಳು ಹಗಲು ಹೊತ್ತಿನಲ್ಲಿ ಕೂತೇ ಇರುತ್ತಿದ್ದಳು. ಅತ್ತೆ ಕಾಲು ಚಾಚಿ ಮಲಗುವಂಥ ಒಂದು ಮನೆ, ಕೆಂಚಮ್ಮನಿಗೆ ಬೇಕಾಗಿದ್ದದ್ದು ಅಷ್ಟೇ.

ಊರ ಹೊರಗೆ, ಬಸ್ಸಿನ ಕೊನೆಯ ಸ್ಟಾಪಿಗಿಂತಲೂ ಆಚೆ, ಬಡವರಿಗೆಂದು ಮಹಡಿ ಮನೆಗಳ ಸಾಲು ಎದ್ದಿತು. ಕೆಂಚಮ್ಮನಿಗೆ ಎರಡನೇ ಮಹಡಿಯಲ್ಲಿ ಒಂದು ಮನೆ ಬಂತು. ಶಾಮಿಯಾನ, ಮೈಕು, ಹಾರಗಳ ನಡುವೆ ನನ್ನನ್ನು ಮೆಟ್ಟಿಲು ಹತ್ತಿಸಿದರು. ಮುಂದಿನಿಂದ ರುದ್ರೇಶ ಎಳೆದ, ಹಿಂದಿನಿಂದ ಇಬ್ಬರು ತಳ್ಳಿದರು. ಒಳಗೆ ಕನ್ನಡಿಯಂಥ ಟೈಲ್ಸು. ಮುಂಗಾಲಿಟ್ಟೆ, ಜಾರಿತು. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೊರಟವು. ತೊಡೆ ಗಡಗಡ ನಡುಗಿತು, ಹೊಟ್ಟೆ ಸಡಿಲವಾಯಿತು.

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಓಬಮ್ಮ ಗಲ್ಲ ಗಲ್ಲ ಬಡಿದುಕೊಂಡಳು. ಬೀಳದಿರಲೆಂದು ನಾನು ಗೋಡೆಗೆ ಒರಗಿದಾಗ ಅದರ ಬುಡದಲ್ಲಿ ಬಿಳಿಯ ಪುಡಿ ಕಂಡಿತು. ನೆಕ್ಕಿದೆ. ಉಪ್ಪು! ಇನ್ನೊಮ್ಮೆ ನೆಕ್ಕಿದೆ. ಭಟ್ಟಿ ಕೇರಿಯ ಹಿರಿಯ ದುರುಗಜ್ಜ ಕೂಗಿಯೇಬಿಟ್ಟ.

“ನೋಡ್ರಲೇ, ಲಕ್ಷ್ಮಿ ಗ್ವಾಡಿಗೆ ಮುತ್ತು ಕೊಡಾಕತ್ಯಾಳೆ! ಕೆಂಚಮ್ಮ, ನಿನ್ನ ಮನೆ ಉದ್ಧಾರ ಆತು ಬಿಡು.”

ಉಪ್ಪು ನೀರಿನಲ್ಲಿ ಕಲಸಿ ಕಟ್ಟಿದ ಗೋಡೆ ಹಸುವಿಗೆ ರುಚಿ. ಹಸುವಿಗೆ ರುಚಿಯಾದ ಗೋಡೆ ಎಷ್ಟು ಮಳೆಗಾಲ ಕಾಣುತ್ತದೆ ಎಂದು ಯಾರೂ ಯೋಚಿಸಲಿಲ್ಲ. ಎಲ್ಲರೂ ಸಗಣಿಯನ್ನು ನೋಡುತ್ತಿದ್ದಾಗ ಕೆಂಚಮ್ಮ ಮಾತ್ರ ನನ್ನ ಕಾಲುಗಳನ್ನು ನೋಡುತ್ತಿದ್ದಳು. ಯಾಕೆ ನೋಡುತ್ತಾಳೆ ಎಂದು ನನಗೆ ಅವಳ ಮೇಲೂ ಅನುಮಾನ ಬಂತು. ಮೆಟ್ಟಿಲು ಇಳಿಸುವಾಗ ಆದ ಫಜೀತಿಯನ್ನು ಹೇಳಲು ಹೋಗುವುದಿಲ್ಲ, ನನಗೂ ಮಾನವಿದೆ.

ಮುಂದಿನ ಬೇಸಿಗೆ ಮುಗಿಯುವುದರೊಳಗೆ ಕೆಂಚಮ್ಮ ಮತ್ತೆ ತೌಡಿನ ಚೀಲ ಹೊತ್ತು ಬಂದಳು. ರುದ್ರೇಶ ಕಣ್ಣರಳಿಸಿದ.

“ಯಾಕವ್ವಾ, ಮಾಳಿಗೆ ಮ್ಯಾಲಿಂದ ಇಳಿದು ಬಂದ್ಯಲ್ಲ?”

“ಅಲ್ಲಿಂದ ಬಸ್ಸು ಬರೋದು ಭಟ್ಟಿ ಹಚ್ಚಿ ಎಷ್ಟೋ ಹೊತ್ತಾದ ಮ್ಯಾಲೆ ರುದ್ರೇಶಣ್ಣ. ಅತ್ತೆಗೆ ಮೆಟ್ಲು ಹತ್ತಾಕೆ ದಮ್ಮು ಬಿಡಲ್ಲ. ನೀರು ಮ್ಯಾಲಕ್ಕೆ ಏರಲ್ಲ. ಸ್ಲ್ಯಾಬು ಹಗಲೆಲ್ಲ ಕಾದು ಬೆಂಕಿ ಉಗುಳ್ತೈತೆ. ಗ್ವಾಡಿ ಬಣ್ಣ ಸಿಪ್ಪೆ ಸಿಪ್ಪೆ ಎದ್ದು ಉಣ್ಣೋ ಅನ್ನದಾಗೆ ಬೀಳ್ತೈತೆ. ಬೀಗ ಹಾಕ್ಕಂಡು ಶೆಡ್ಡಿಗೇ ಬಂದ್ವಿ.”

“ಲಕ್ಷ್ಮಿ ಬಂದಿದ್ಲಲ್ಲೇ ಆ ಮನೆಗೆ?”

“ಬಂದಿದ್ಲು. ಆಕೆಗೂ ತಡ್ಕಣಾಕಾಗದೆ ಇಳಿದು ಹೋಗಿರ್ತಾಳೆ.”

ಆ ಸಾಲಿನಲ್ಲಿ ಅವಳದೊಂದೇ ಅಲ್ಲ, ಅನೇಕ ಮನೆಗಳಿಗೆ ಬೀಗ ಬಿದ್ದಿತ್ತು. ಕೆಲವು ಮನೆಗಳ ಬಾಗಿಲುಗಳೇ ಕಾಣೆಯಾಗಿದ್ದವಂತೆ. ನನ್ನ ಸಗಣಿ ಬೀಳದ ಮನೆ ಅಲ್ಲಿ ಒಂದೂ ಇರಲಿಲ್ಲ.

ಇದಾದ ಕೆಲವು ವರ್ಷಕ್ಕೆ ನಮ್ಮ ಕೊಟ್ಟಿಗೆಯ ಮೋಟುಗೋಡೆಯ ಆಚೆ, ಭಟ್ಟಿಗಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ, ಭಟ್ಟಿಯವರಿಗೆಂದು ಖಾಲಿ ಜಾಗ ಸಿಕ್ಕಿತು. ಮನೆ ಕಟ್ಟಿಸಲು ಒಂದು ಸಣ್ಣ ಸಂಸ್ಥೆಯಿಂದ ಶಾಹೀನಾ ಎಂಬ ಇಂಜಿನಿಯರ್ ಹುಡುಗಿ ಬಂದಳು. ಬೇವಿನ ಮರದ ಕೆಳಗೆ ಎಲ್ಲರನ್ನೂ ಕೂರಿಸಿ, ಮಣ್ಣಿಗೆ ಸ್ವಲ್ಪ ಸಿಮೆಂಟು, ಭಟ್ಟಿಯಲ್ಲಿ ಉರಿದ ಭತ್ತದ ಹೊಟ್ಟಿನ ಬೂದಿ ಸ್ವಲ್ಪ ಬೆರೆಸಿ ಒತ್ತಿದ ಇಟ್ಟಿಗೆಯಲ್ಲಿ ಮನೆ ಕಟ್ಟೋಣ ಎಂದಳು. ನಾನು ಗೋಡೆಯ ಮೇಲೆ ಮುಸುಡಿ ಇಟ್ಟುಕೊಂಡು ಕೇಳುತ್ತಿದ್ದೆ. ಇದೂ ಅದೇ ಆಟ ಅನ್ನಿಸಿತು.

ದುರುಗಜ್ಜನಿಗೂ ಹಾಗೇ ಅನ್ನಿಸಿರಬೇಕು. “ಸಾವ್ಕಾರ್ರಿಗೆ ಸಿಮೆಂಟು, ನಮಗೆ ಬೂದಿನಾ? ನಾವೇನು ಸನ್ಯಾಸಿಗಳೇನವ್ವ, ಬೂದಿ ಬಡ್ಕಣಾಕೆ?” ಎಂದ.

ಎಲ್ಲರೂ ನಕ್ಕರು. ಶಾಹೀನಾ ಕೂಡ ನಕ್ಕಳು. ಆಮೇಲೆ ಅವಳು ಆಡಿದ ಮಾತು ನಾನು ಅಲ್ಲಿಯವರೆಗೆ ಯಾವ ಮೈಕಿನಲ್ಲೂ ಕೇಳಿರಲಿಲ್ಲ.

“ಅಜ್ಜಾರೆ, ನನ್ನ ಮಾತು ನಂಬಬೇಡಿ. ಇಟ್ಟಿಗೆ ಮಾಡೋಣ. ಪ್ರತಿ ಭಾನುವಾರ ನೀವು ಯಾರಾದ್ರೂ ಬನ್ನಿ, ರಾಶಿಯಲ್ಲಿ ನಿಮಗೆ ಬೇಕಾದ ಇಟ್ಟಿಗೆ ತಗೊಳ್ಳಿ. ಬಕೆಟ್ ನೀರಲ್ಲಿ ಮುಳುಗಿಸಿ, ತಲೆ ಮೇಲಿಂದ ಎತ್ತಿ ಹಾಕಿ. ಒಡೆದ್ರೆ ಆ ದಿನದ ಇಟ್ಟಿಗೆ ಒಂದೂ ಗೋಡೆಗೆ ಹೋಗೋದಿಲ್ಲ.”

ಮೊದಲ ಭಾನುವಾರ ಕೆಂಚಮ್ಮ ರಾಶಿಯ ತೀರಾ ಅಡಿಯಿಂದ ಒಂದು ಇಟ್ಟಿಗೆ ಕಿತ್ತು ನೀರಿಗೆ ಹಾಕಿದಳು. ಅದು ಗಂಜಿಯಾಯಿತು. ಜನ ಶಾಹೀನಾಳ ಮುಖ ನೋಡಿದರು. ಅವಳು ಮುಖ ಸಿಂಡರಿಸಲಿಲ್ಲ, ಯಾರನ್ನೂ ಬೈಯಲಿಲ್ಲ. ಬೂದಿ ಹೆಚ್ಚಾಯಿತೆಂದು ಹದ ಬದಲಿಸಿದಳು. ರಾಶಿಯೆಲ್ಲ ಮತ್ತೆ ಮಣ್ಣಾಯಿತು. ಮುಂದಿನ ಭಾನುವಾರವೂ ಒಡೆಯಿತು, ಅದರ ಮುಂದಿನ ಭಾನುವಾರ ಒಡೆಯಲಿಲ್ಲ. ದುರುಗಜ್ಜ ಬಿಡದೆ ಕಲ್ಲಿನ ಮೇಲೆ ಎತ್ತಿ ಎತ್ತಿ ಹಾಕಿದ. ಕೊನೆಗೆ ಅವನ ಸೊಂಟ ಹಿಡಿದುಕೊಂಡಿತು, ಇಟ್ಟಿಗೆ ಹಾಗೇ ಇತ್ತು. ಅತಿ ಹೆಚ್ಚು ತಕರಾರು ಮಾಡುವವರಿಗೇ ಶಾಹೀನಾ ಕೆಲಸ ಒಪ್ಪಿಸುತ್ತಾ ಹೋದಳು. ಇಟ್ಟಿಗೆಗೆ ನೀರುಣಿಸುವ ಉಸ್ತುವಾರಿ ಕೆಂಚಮ್ಮನ ಪಾಲಿಗೆ ಬಂತು, ಮರಳು ನೋಡಿ ಇಳಿಸಿಕೊಳ್ಳುವುದು ದುರುಗಜ್ಜನ ಪಾಲಿಗೆ.

ಜಗಳವೇನೂ ಕಡಿಮೆಯಾಗಲಿಲ್ಲ. ಭತ್ತ ಒಣಗಿಸಲು ಮನೆ ಮುಂದೆ ಜಾಗ ಬೇಕೆಂದು ಒಂದು ದಿನ, ಕಿಟಕಿ ಭಟ್ಟಿಯ ಕಡೆಗೆ ಬೇಡವೆಂದು ಇನ್ನೊಂದು ದಿನ. ನೆಲದ ಮಾತು ಬಂದಾಗ ಕೆಂಚಮ್ಮ ಪಟ್ಟು ಹಿಡಿದಳು. “ಹಸು ಜಾರೋ ನೆಲ ನಮಗೆ ಬ್ಯಾಡ ಮೇಡಂ. ನಮ್ಮತ್ತೆ ಕಾಲು ಹಸೂಗಿಂತ ಗಟ್ಟಿಯಿಲ್ಲ.” ಹೀಗಾಗಿ ತರಿತರಿಯಾದ ಕಡಪಾ ಕಲ್ಲು ಬಂತು. ತಾರಸಿಯ ಕಾಂಕ್ರೀಟಿನ ನಡುವೆ ಹಳೆಯ ಹೆಂಚುಗಳನ್ನು ಕೂರಿಸಿದರು, ಕಾವು ಒಳಗಿಳಿಯದಿರಲಿ ಎಂದು. ಮುಂದೆ ಮಕ್ಕಳು ಮೇಲೆ ಕಟ್ಟಿಕೊಳ್ಳಲೆಂದು ಹೊರಗೆ ಮೆಟ್ಟಿಲು ಬಿಟ್ಟರು. ಇಷ್ಟೆಲ್ಲ ಕಣ್ಣೆದುರೇ ನಡೆದರೂ ನಾನು ನಂಬಿರಲಿಲ್ಲ. ಗೋಡೆಯ ಆಚೆಯಿಂದ ಕಂಡದ್ದು ಗೊರಸಿಗೆ ಗೊತ್ತಾಗುವುದಿಲ್ಲ.

ಗೃಹಪ್ರವೇಶದ ದಿನ ಬಂತು. ಮೊದಲ ಮನೆ ಕೆಂಚಮ್ಮನದು, ಅದು ಆದ ಮೇಲೆ ಉಳಿದವರದು. ಹೆಂಗಸರು ತುಂಬಿದ ಕೊಡ ಹಿಡಿದು ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ರುದ್ರೇಶ ಎಂದಿಗಿಂತ ಹೆಚ್ಚು ಬೆಲ್ಲದ ನೀರು ಕುಡಿಸಿದ್ದ. ಹೊಸ್ತಿಲಲ್ಲಿ ನಿಂತು ನೆಲ ಮೂಸಿದೆ. ಕಾಲಿಟ್ಟೆ, ಕಲ್ಲು ಗೊರಸನ್ನು ಹಿಡಿದುಕೊಂಡಿತು. ಇದರಲ್ಲೇನೋ ಮೋಸವಿದೆ ಎಂದುಕೊಂಡು ಇನ್ನೊಂದು ಕಾಲಿಟ್ಟೆ. ಗೋಡೆ ನೆಕ್ಕಿದೆ. ಬರಿಯ ಮಣ್ಣು, ಉಪ್ಪಿನ ಸುಳಿವೇ ಇಲ್ಲ. ಒಂದು ಕಿಟಕಿಯಿಂದ ಬಂದ ಗಾಳಿ ನನ್ನ ಕಿವಿ ಸವರಿ ಇನ್ನೊಂದರಿಂದ ಹೊರಗೆ ಹೋಯಿತು. ಹೆದರುವುದಕ್ಕೆ ಏನಾದರೂ ಸಿಗುತ್ತದೆಯೇ ಎಂದು ಸುತ್ತಲೂ ಹುಡುಕಿದೆ. ಸಿಗಲಿಲ್ಲ. ನನ್ನ ಮಂಡಿಗಳು ತಾವಾಗಿಯೇ ಮಡಚಿಕೊಂಡವು. ಮಲಗಿ ಮೆಲುಕು ಹಾಕತೊಡಗಿದೆ.

ರುದ್ರೇಶ ಬಾಲ ತಿರುವಿದ, ಬೆಲ್ಲ ತೋರಿಸಿದ, ಹೆಗಲು ಕೊಟ್ಟು ನೂಕಿದ. ನಾನು ಏಳಲಿಲ್ಲ, ಸಗಣಿಯನ್ನೂ ಹಾಕಲಿಲ್ಲ.

“ಹಸು ಕುಸಿದು ಬಿತ್ತಲ್ಲಪ್ಪ,” ಎಂದ ದುರುಗಜ್ಜ. “ಇಟ್ಟಿಗೆ ಗಟ್ಟಿ ಐತೆ, ನಾನೇ ನೋಡೀನಿ. ಆದ್ರೆ ಜಾಗ ಸರಿಯಿಲ್ಲ. ನಾನಂತೂ ಒಳಗೆ ಹೋಗಲ್ಲ.”

ಒಬ್ಬೊಬ್ಬರಾಗಿ ಕೊಡಗಳನ್ನು ಹೊಸ್ತಿಲಿಂದ ಹಿಂದಕ್ಕೆ ತೆಗೆದುಕೊಂಡರು. ಓಬಮ್ಮ ಅಂಗಳದಲ್ಲೇ ನಿಂತು, “ಬ್ಯಾಡ ಕಣೆ ಕೆಂಚಿ, ಶೆಡ್ಡಿಗೇ ಹೋಗಾಣ” ಎಂದು ಅಳತೊಡಗಿದಳು. ಶಾಹೀನಾಳ ಮುಖ ಬಿಳಿಚಿಕೊಂಡಿತ್ತು. ಇಟ್ಟಿಗೆಯ ವಿಷಯವಾಗಿದ್ದರೆ ಅವಳು ಉತ್ತರ ಕೊಡುತ್ತಿದ್ದಳು. ಹಸುವಿನ ವಿಷಯದಲ್ಲಿ ಅವಳು ಬಾಯಿ ತೆರೆಯುವಂತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಅಷ್ಟು ಜನರ ಅಷ್ಟು ದಿನದ ಬೆವರು ನನ್ನ ಮಲಗುವಿಕೆಯಿಂದ ನೀರುಪಾಲಾಗುವುದರಲ್ಲಿತ್ತು. ನನಗೆ ಸಂಕಟವಾಯಿತು. ಆದರೂ ಬೇಕೆಂದಾಗ ಹೆದರಿಕೊಳ್ಳುವುದು ಹೇಗೆಂದು ನನಗೆ ತಿಳಿಯದು.

ಕೆಂಚಮ್ಮ ಬಾಗಿಲಿಗೆ ಬಂದು ನಿಂತಳು.

“ಅವತ್ತು ಮಾಳಿಗೆ ಮನೇಲಿ ಇದೇ ಹಸು ಸಗಣಿ ಹಾಕ್ತು. ಏನಾತು? ನೀವೆಲ್ಲ ಸಗಣಿ ನೋಡಿದ್ರಿ, ನಾನು ಅದರ ಕಾಲು ನೋಡ್ದೆ. ಗಡಗಡ ನಡುಗ್ತಿದ್ವು. ಹೆದ್ರಿ ಹಾಕಿದ್ದನ್ನ ನಾವು ಲಕ್ಷ್ಮಿ ಅಂದ್ವೇನೋ ಅಂತ ಅವತ್ತಿಂದ ನಂಗೆ ಅನುಮಾನ. ರುದ್ರೇಶಣ್ಣ, ನೀನು ಹಸು ಸಾಕಿದೋನು. ನಿಜ ಹೇಳು.”

ಎಲ್ಲರೂ ರುದ್ರೇಶನ ಕಡೆ ತಿರುಗಿದರು. ಅವನ ಅನ್ನವೆಲ್ಲ ಆ ಉತ್ತರದಲ್ಲಿತ್ತು. ಏನಾದರೊಂದು ಕಟ್ಟಿ ಹೇಳಿ ನುಣುಚಿಕೊಳ್ಳುತ್ತಾನೆ ಎಂದು ನಾನು ಖಚಿತವಾಗಿ ನಂಬಿದ್ದೆ. ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ.

“ಹೆದ್ರಿದ್ರೆ ಹಾಕ್ತೈತೆ,” ಎಂದ. “ಹೆದ್ರಿಕೆ ಇಲ್ದಿದ್ರೆ ಹಿಂಗೆ ಮಲಗ್ತೈತೆ. ಕೊಟ್ಟಿಗೇಲಿ ದಿನಾ ನೋಡ್ತೀನಲ್ಲ. ಬ್ಯಾರೆಯೋರ ಮನೇಲಿ ಇದು ಮಲಗಿದ್ದು ಇವತ್ತೇ ಮೊದಲು.”

ಯಾಕೆ ಹಾಗೆ ಹೇಳಿದನೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದರಲ್ಲಿ ಅವನಿಗೇನು ಲಾಭವಿತ್ತೆಂದು ಎಷ್ಟೋ ಸಲ ಮೆಲುಕು ಹಾಕಿದ್ದೇನೆ, ಸಿಕ್ಕಿಲ್ಲ.

“ಮಾತು ಯಾರು ಬೇಕಾದ್ರೂ ಆಡ್ತಾರೆ,” ಎಂದು ದುರುಗಜ್ಜ ಗೊಣಗಿದ. ಯಾರೂ ಕದಲಲಿಲ್ಲ.

ಕೆಂಚಮ್ಮ ವಾದ ಮಾಡಲಿಲ್ಲ. ಅತ್ತೆಯ ಕೈ ಹಿಡಿದು ಒಳಗೆ ಕರೆತಂದು ನನ್ನ ಪಕ್ಕದಲ್ಲಿ ಕೂರಿಸಿದಳು. ಓಬಮ್ಮ ಬಿಕ್ಕುತ್ತಾ ನನ್ನ ಹೊಟ್ಟೆಗೆ ಒರಗಿದಳು. ಅವಳ ಎದೆಯ ಸೀಟಿ ನನ್ನ ಪಕ್ಕೆಲುಬಿಗೇ ಕೇಳುತ್ತಿತ್ತು. ಕಿಟಕಿಯ ಗಾಳಿ ಬಂತು, ಹೋಯಿತು, ಮತ್ತೆ ಬಂತು. ಬಿಕ್ಕು ನಿಂತಿತು. ಮುದುಕಿ ನಿಧಾನವಾಗಿ ಒಂದು ಕಾಲು ಚಾಚಿದಳು, ಆಮೇಲೆ ಇನ್ನೊಂದು. ಜನ ಬಾಗಿಲಲ್ಲಿ, ಕಿಟಕಿಗಳಲ್ಲಿ ಒತ್ತಿಕೊಂಡು ನಿಂತು ಆ ಉಸಿರನ್ನೇ ಕೇಳುತ್ತಿದ್ದರು, ಈಗ ಕಟ್ಟೀತು, ಈಗ ಕೆಮ್ಮಾಳು ಎಂದು. ಸೀಟಿ ಸಣ್ಣದಾಯಿತು. ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚದ ಓಬಮ್ಮ ನಿದ್ದೆ ಹೋಗಿದ್ದಳು.

ಕೆಂಚಮ್ಮ ಗೋಡೆಗೆ ಮುಖ ಮಾಡಿ ಅತ್ತಳು. ದುರುಗಜ್ಜ ಬಹಳ ಹೊತ್ತು ನಿಂತು ನೋಡಿ, ಸೊಂಟ ಹಿಡಿದುಕೊಂಡು ತನ್ನ ಮನೆಯ ಕಡೆ ನಡೆದ. “ಕೊಡ ತಗಂಡು ಬಾರೇ,” ಎಂದು ಸೊಸೆಗೆ ಕೂಗಿದ್ದು ಕೇಳಿಸಿತು.

ಆಮೇಲೆ ರುದ್ರೇಶನ ಬಾಡಿಗೆ ಬಿದ್ದುಹೋಯಿತು. ಸ್ವಲ್ಪ ಕಾಲ ಕಳೆದ ಮೇಲೆ ವರಸೆ ಬದಲಾಗಿ, ಹಸು ನಮ್ಮ ಮನೆಯಲ್ಲೂ ಮಲಗಲೇಬೇಕೆಂದು ಕೆಲವರು ಕರೆಸಿಕೊಂಡರು. ಹೊಳೆಯುವ ಫ್ಲ್ಯಾಟುಗಳಲ್ಲಿ ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತೇ ಇದ್ದೆ. ಅವರು ರುದ್ರೇಶನನ್ನು ಬೈದು ಕಳಿಸಿದರು. ನನ್ನ ಹಾಲು ಬತ್ತಿತು, ಕರು ಹಾಕುವುದು ನಿಂತಿತು. ಒಂದು ದಿನ ಕೊಟ್ಟಿಗೆಯ ಮುಂದೆ ಗುರುತಿಲ್ಲದ ಟೆಂಪೋ ನಿಂತಿತ್ತು. ಅದು ಎಲ್ಲಿಗೆ ಹೋಗುತ್ತದೆಂಬುದರಲ್ಲಿ ಮಾತ್ರ ನನಗೆ ಅನುಮಾನವೇ ಇರಲಿಲ್ಲ. ಕೆಂಚಮ್ಮ ಬಂದು ರುದ್ರೇಶನ ಕೈಯಿಂದ ಹಗ್ಗ ಕಿತ್ತುಕೊಂಡು ಹೋದಳು. ಈಗ ಅವಳ ಮನೆಯ ಹೊರಮೆಟ್ಟಿಲ ಕೆಳಗೆ ನನ್ನ ವಾಸ.

ಕಾಲೋನಿ ನೋಡಲು ದೂರದೂರದಿಂದ ಜನ ಬರುತ್ತಾರೆ. ಇಟ್ಟಿಗೆಯ ಫೋಟೋ ತೆಗೆಯುತ್ತಾರೆ, ಬೂದಿಯ ಲೆಕ್ಕ ಕೇಳುತ್ತಾರೆ. ಇಲ್ಲಿ ಒಂದು ಮನೆಗೂ ಬೀಗ ಬಿದ್ದಿಲ್ಲವಲ್ಲ, ಏನಮ್ಮಾ ಗುಟ್ಟು ಎಂದು ಒಬ್ಬರು ಕೆಂಚಮ್ಮನನ್ನು ಕೇಳಿದರು.

“ನಾವು ಯಾರನ್ನೂ ನಂಬಲಿಲ್ಲ ಸಾರ್,” ಎಂದಳು ಅವಳು. “ನಂಬಲಿಲ್ಲ ಅಂತ ನಮ್ಮನ್ನ ಯಾರೂ ಬೈಲಿಲ್ಲ.”

ಅವರು ಅದನ್ನು ಬರೆದುಕೊಳ್ಳಲಿಲ್ಲ. ಬೂದಿಯ ವಿಷಯವನ್ನೇ ಮತ್ತೆ ಕೇಳಿದರು.

ಮೊನ್ನೆ ಎರಡನೇ ಸಾಲಿನಲ್ಲಿ ರುದ್ರೇಶನಿಗೂ ಒಂದು ಮನೆಯಾಯಿತು. ತಲೆ ಕೆರೆದುಕೊಳ್ಳುತ್ತಾ ಬಂದು, “ಕೆಂಚಮ್ಮಾ, ಗೃಹಪ್ರವೇಶಕ್ಕೆ ಇದನ್ನ ಹೊಡ್ಕಂಡು ಹೋಗ್ಲಾ?” ಎಂದ.

“ಅದಕ್ಕೆ ವಯಸ್ಸಾತು. ನೀನೇ ಹೋಗಿ ಮಲಕ್ಕಂಡು ನೋಡು.”

ಅವನು ಹೋದ. ನಾನೂ ಸುಮ್ಮನೆ ಹಿಂದೆ ಹೋದೆ. ಬರಿಯ ನೆಲದ ಮೇಲೆ ಟವೆಲು ಹಾಸಿ, ಕಣ್ಣ ಮೇಲೆ ಮೊಣಕೈ ಇಟ್ಟು ಮಲಗಿದ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಇವನು ನನ್ನನ್ನು ಮೆಚ್ಚಿಸಲು ನಟಿಸುತ್ತಿದ್ದಾನೋ ಏನೋ ಎಂದು ಒಳಗೆ ಹೋಗಿ ಅವನ ಮುಖವನ್ನು ಚೆನ್ನಾಗಿ ಮೂಸಿ ನೋಡಿದೆ. ನಿಜವಾದ ನಿದ್ದೆಯೇ.