ಚಂದ್ರಲೋಕದ ರೊಟ್ಟಿಗೆ ಬಹುಮಾನ

ಚಂದ್ರಲೋಕದ ಪ್ರಯಾಣದಂಥ ವಿಜ್ಞಾನ ಕಥೆಗಳನ್ನು ಫ್ರೆಂಚ್ ಭಾಷೆಯಲ್ಲಿ ಬರೆದವರಿಗೆ ಪ್ಯಾರಿಸ್ಸಿನಲ್ಲಿ ಬಹುಮಾನ ಕೊಡುತ್ತಾರಂತೆ. ಬೀದರಿನ ವಾಚನಾಲಯದ ಕಾರ್ಯದರ್ಶಿ ಗೌಸೋದ್ದೀನರು ಉರ್ದು ಪತ್ರಿಕೆಯಲ್ಲಿ ಇದನ್ನು ಓದಿದ್ದೇ ತಡ, ನಾವೇನು ಕಡಿಮೆ ಎಂದು ಎದ್ದು ನಿಂತರು. ಬೀದರ ಮೈಸೂರು ರಾಜ್ಯಕ್ಕೆ ಸೇರಿ ತಿಂಗಳಾಗಿತ್ತಷ್ಟೆ. ಆ ಖುಷಿಗೆ ಇಲ್ಲೂ ಅಂಥದೇ ಬಹುಮಾನ, ಕಥೆ ಮಾತ್ರ ಕನ್ನಡದಲ್ಲಿರಬೇಕು ಎಂದು ಸಾರಿದರು.

ಭಾಲ್ಕಿಯ ತಹಸೀಲ ಕಚೇರಿಯ ಗುಮಾಸ್ತ ವೈಜಿನಾಥನಿಗೆ ಈ ಬಹುಮಾನ ಬೇಕೇ ಬೇಕಿತ್ತು. ಅವನು ಆಡಿದ್ದು, ಅತ್ತದ್ದು, ಹೆಂಡತಿಯೊಡನೆ ಜಗಳ ಕಾದದ್ದು ಎಲ್ಲ ಕನ್ನಡದಲ್ಲೇ. ಆದರೆ ನಿಜಾಮರ ಕಾಲದ ಶಾಲೆ ಕಲಿಸಿದ್ದು ಉರ್ದು ಅಕ್ಷರ. ಈಗ ಕನ್ನಡದ ಹುಕುಂಗಳು ಬರತೊಡಗಿ, ಹದಿನೈದು ವರ್ಷ ಕಚೇರಿ ಕಾಗದ ಬರೆದಿದ್ದ ಗುಮಾಸ್ತ ರಾತ್ರೋರಾತ್ರಿ ನಿರಕ್ಷರಿಯಾಗಿದ್ದ. ಆ ಅವಮಾನ ಅವನನ್ನು ಸುಡುತ್ತಿತ್ತು. ಗೆದ್ದರೆ ತಲೆ ಎತ್ತಿ ನಡೆಯಬಹುದೆಂದು ಹಟ ಹಿಡಿದು ಕೂತು, ಅಪ್ಪಟ ಕನ್ನಡ ಕಥೆಯನ್ನು ಉರ್ದು ಅಕ್ಷರಗಳಲ್ಲಿ ಬರೆದು ಕಳಿಸಿದ.

ಬಹುಮಾನದ ದಿನ ವಾಚನಾಲಯ ಕಿಕ್ಕಿರಿದಿತ್ತು. ತೀರ್ಪು ಕೊಡಲು ಧಾರವಾಡದಿಂದ ಬಂದಿದ್ದ ಮಾಸ್ತರರು ಅವನ ಹಾಳೆಗಳ ಕಟ್ಟನ್ನು ಓದದೇ ಮರಳಿಸಿದರು.

"ಇದು ಉರ್ದು ಅದ. ನಡಿಯಂಗಿಲ್ಲ."

ವೈಜಿನಾಥ ಎದ್ದು ನಿಂತ. "ಕನ್ನಡನೇ ಅದರಿ ಸಾಹೇಬ್ರ. ಅಕ್ಷರ ಅಷ್ಟೇ ಬ್ಯಾರೆರಿ."

ಜನ ಗೊಳ್ಳೆಂದು ನಕ್ಕರು. ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ತಡೀರಿ, ನಾ ಓದ್ತೇನಿ," ಎಂದು ಗೌಸೋದ್ದೀನರು ಕಟ್ಟು ಬಿಚ್ಚಿದರು.

ಕಥೆಯಲ್ಲಿ ಔರಾದಿನ ಗುರಮ್ಮ ಚಂದ್ರನ ಮೇಲೆ ಒಲೆ ಹೂಡಿದ್ದಳು. ಅಲ್ಲಿ ಎಲ್ಲವೂ ಹೂವಿನಷ್ಟು ಹಗುರ. ಬಡಿದ ಜೋಳದ ರೊಟ್ಟಿ ಹಂಚಿನಿಂದೆದ್ದು ಆಕಾಶಕ್ಕೆ ತೇಲಿತು. ಗುರಮ್ಮ ಕೂಗಿದಳು: "ಏ ರೊಟ್ಟಿ, ಎಲ್ಲಿಗಿ ಹೊಂಟಿ? ನನ್ನ ಗಂಡ ಇನ್ನಾ ಉಂಡಿಲ್ಲ!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಈ ಸಲದ ನಗೆಯೇ ಬೇರೆ. ಮಾಸ್ತರರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಬಹುಮಾನ ಇವರಿಗೇ ಎಂದರು.

ವೈಜಿನಾಥನಿಗೆ ತಡೆಯಲಾಗಲಿಲ್ಲ. "ಖರೇ ಹೇಳ್ತೇನಿರಿ, ನನಗ ಕನ್ನಡ ಓದಲಿಕ್ಕ ಬರಂಗಿಲ್ರಿ."

ಮಾಸ್ತರರು ಆ ಹಾಳೆಗಳನ್ನು ಕೈಗೆ ತೆಗೆದುಕೊಂಡು ಅತ್ತಿತ್ತ ತಿರುಗಿಸಿದರು. "ಇಷ್ಟ ಛಲೋ ಕನ್ನಡ ಎಂಟು ದಿನ ನನ್ನ ಮೇಜಿನ ಮ್ಯಾಲಿತ್ತು. ಓದಲಿಕ್ಕೆ ಬರದಾಂವ ಅಂದ್ರ ನಾನು ನೋಡ್ರಿ."