ಗಡಿಯಾರದವರ ಮಾತ್ರೆ

ಗಡಿಯಾರ ರಿಪೇರಿ ಮಾಡುವವನಿಗೆ ಕೈ ನಡುಗಬಾರದು, ಬಿಲಿಯರ್ಡ್ಸ್ ಆಡುವವನಿಗೂ ನಡುಗಬಾರದು. ಈ ಎರಡನ್ನೂ ಒಂದೇ ಕೈಯಲ್ಲಿ ಮಾಡುವ ಗಂಡನನ್ನು ಕಟ್ಟಿಕೊಂಡ ಟೀಚರಮ್ಮನಿಗೆ ಆ ಕೈಯ ಹೊಗಳಿಕೆ ಕೇಳಿ ಕೇಳಿ ಕಿವಿ ತೂತು ಬಿದ್ದುಹೋಗಿತ್ತು. ಹೊಗಳುವವರಲ್ಲಿ ಮೊದಲನೆಯವರು ಆ ಕೈಯ ಮಾಲೀಕರೇ ಆಗಿದ್ದರಿಂದ ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ.

ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಗಡಿಯಾರದವರು ಎಂದು. ಹಗಲೆಲ್ಲ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿನಷ್ಟು ಚಿಕ್ಕ ತಿರುಪುಗಳನ್ನು ಚಿಮುಟದಲ್ಲಿ ಹಿಡಿದು ಕೂರಿಸುವುದು. ಸಂಜೆಯಾದರೆ ಕ್ಲಬ್ಬಿನ ಹಸಿರು ಮೇಜಿನ ಮೇಲೆ ಬಾಗಿ ಕೋಲಿನಿಂದ ಚೆಂಡು ಹೊಡೆಯುವುದು. ಅರವತ್ತು ದಾಟಿದ ಮೇಲೂ ದೇಶದ ದೊಡ್ಡ ಪಂದ್ಯಾವಳಿಗೆ ಆಯ್ಕೆಯಾಗುತ್ತಿದ್ದ ಆಟಗಾರ ಅವರು. ಟೀಚರಮ್ಮ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು. ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡವರನ್ನು ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಹಿಡಿಯುತ್ತಿದ್ದಳು ಎಂಬ ಖ್ಯಾತಿ ಅವಳಿಗಿತ್ತು. ಆ ಖ್ಯಾತಿಗೆ ಮನೆಯಲ್ಲೇ ಕಲ್ಲು ಬಿದ್ದ ಕಥೆ ಇದು.

ಹೋದ ವರ್ಷ ಗಡಿಯಾರದವರ ಎದೆ ತಾಳ ತಪ್ಪಿತು. ಸುಮ್ಮನೆ ಕೂತಿದ್ದಾಗ ಓಡುತ್ತಿತ್ತು, ಓಡಬೇಕಾದಾಗ ನಿಂತು ಯೋಚಿಸುತ್ತಿತ್ತು. ಒಂದು ದಿನ ಅಂಗಡಿಯ ಕುರ್ಚಿಯಿಂದ ಜಾರಿ ಬಿದ್ದವರನ್ನು ಅಕ್ಕಪಕ್ಕದವರು ಎತ್ತಿ ಆಸ್ಪತ್ರೆಗೆ ಸೇರಿಸಿದರು. ಟೀಚರಮ್ಮ ಮಂಚದ ಪಕ್ಕ ಕೂತು ಗಂಡನ ಕೈ ಹಿಡಿದುಕೊಂಡಾಗ ಅದು ತಣ್ಣಗೆ ಕೊರೆಯುತ್ತಿತ್ತು. ಆ ತಣ್ಣನೆಯ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ, ಮರೆತೂ ಇರಲಿಲ್ಲ.

ಹೃದಯದ ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟು, "ದಿನಾ ಬೆಳಗ್ಗೆ ಒಂದು, ಜೀವ ಇರೋ ತನಕ. ಬಿಟ್ರೆ ಮತ್ತೆ ಬೀಳ್ತಾರೆ. ಆಮೇಲೆ ಏಳ್ತಾರೆ ಅಂತ ನಾನಂತೂ ಹೇಳಲ್ಲ" ಎಂದರು.

ಮಾತ್ರೆಯೇನೋ ಒಳ್ಳೆಯದೇ. ಆದರೆ ಅದು ಎದೆಬಡಿತವನ್ನು ಇಳಿಸುತ್ತದೆ, ಬಡಿತ ಇಳಿದರೆ ಕೈ ನಡುಗುವುದಿಲ್ಲ. ಓಟಗಾರನಿಗೆ ಇದನ್ನು ಕೊಟ್ಟರೆ ಅವನು ಆಮೆಗಿಂತ ಹಿಂದೆ ಬರುತ್ತಾನೆ. ಬಿಲ್ಲು, ಬಂದೂಕು, ಬಿಲಿಯರ್ಡ್ಸ್ ಕೋಲು ಹಿಡಿದವನಿಗೆ ಮಾತ್ರ ಇದು ಕದ್ದ ಮಾಲು. ಆ ಆಟಗಳಲ್ಲಿ ಇದು ನಿಷಿದ್ಧ. ತಿಂದರೆ ಆಟ ಹೋಗುತ್ತದೆ, ಬಿಟ್ಟರೆ ಆಟಗಾರನೇ ಹೋಗುತ್ತಾನೆ. ಇಂಥವರಿಗೆಂದೇ ಒಂದು ವಿನಾಯಿತಿ ಸಮಿತಿ ಇದೆ, ಕಾಯಿಲೆ ನಿಜವೆಂದು ಒಪ್ಪಿಸಿದರೆ ಮಾತ್ರೆ ನುಂಗಿಯೇ ಆಡಬಹುದು ಎಂದು ಯಾರೋ ಹೇಳಿದ್ದೇ ತಡ, ಟೀಚರಮ್ಮ ಸೆರಗು ಸಿಕ್ಕಿಸಿದಳು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜಿನ ಹಿಂದೆ ಮೂವರು ಡಾಕ್ಟರುಗಳು ಕೂತಿದ್ದರು. ಮಾತಾಡಿದ್ದು ನಡುವೆ ಕೂತ ಮುಖ್ಯ ಡಾಕ್ಟರು. ಗಡಿಯಾರದವರು ಹೆಂಡತಿಯ ಪಕ್ಕ ಕೂತು, ತಮಗೂ ಈ ವಿಷಯಕ್ಕೂ ಸಂಬಂಧವೇ ಇಲ್ಲವೆಂಬಂತೆ, ಗೋಡೆಯ ಮೇಲೆ ಸಮಯಕ್ಕಿಂತ ಮುಂದೆ ಓಡುತ್ತಿದ್ದ ಗಡಿಯಾರವನ್ನು ನೋಡುತ್ತಿದ್ದರು.

"ಬೇರೆ ಮಾತ್ರೆ ಕೊಟ್ಟು ನೋಡ್ಬೇಕಿತ್ತಲ್ಲಮ್ಮ."

"ನೋಡಿದ್ವಿ ಸರ್. ಮೊದಲನೇದಕ್ಕೆ ಕಾಲು ಊದ್ಕೊಂಡು ಚಪ್ಪಲಿ ಹಿಡಿಸ್ಲಿಲ್ಲ. ಎರಡನೇದಕ್ಕೆ ಕೆಮ್ಮು ಹತ್ಕೊಳ್ತು. ಅದೂ ಸರಿಯಾಗಿ ಕೋಲು ಚೆಂಡಿಗೆ ತಾಗೋ ಹೊತ್ತಿಗೆ. ಒಂದ್ಸಲ ಚೆಂಡು ಹಾರಿ ಯಾರದೋ ಟೀ ಲೋಟಕ್ಕೆ ಬಿತ್ತು. ಎದೆ ಮಾತ್ರ ಎರಡಕ್ಕೂ ಬಗ್ಗಲಿಲ್ಲ."

ಎಡಗಡೆಯ ಡಾಕ್ಟರು ನಗು ತಡೆಯಲು ಹೋಗಿ ಕೆಮ್ಮಿದರು. ಟೀಚರಮ್ಮ ಅವರ ಕಡೆ ತಿರುಗಿ, "ನಿಮಗೂ ಅದೇ ಮಾತ್ರೆನಾ ಸರ್?" ಎಂದು ಕನಿಕರದಿಂದ ಕೇಳಿದಳು.

ಮುಖ್ಯ ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. "ಈ ಮಾತ್ರೆ ತಗೊಂಡ್ರೆ ಕೈ ಸ್ಥಿರ ಆಗತ್ತೆ. ಮಿಕ್ಕ ಆಟಗಾರರಿಗೆ ಅದು ಅನ್ಯಾಯ ಅಲ್ವಾ?"

"ಸ್ಥಿರ ಆಗೋಕೆ ಅದು ಮೊದಲು ನಡುಗ್ಬೇಕಲ್ಲ ಸರ್. ಇವರ ಹಳೇ ಪಂದ್ಯಗಳ ಅಂಕ, ಈಗ ಕ್ಲಬ್ಬಲ್ಲಿ ಆಡೋ ಅಂಕ ಎರಡೂ ತರಿಸಿ ನೋಡಿ. ಕಾಯಿಲೆಗೆ ಮುಂಚೆ ಹೇಗಿದ್ರೋ ಮಾತ್ರೆ ತಗೊಂಡ್ಮೇಲೂ ಹಾಗೇ ಇದ್ದಾರೆ. ಮದುವೆ ದಿನಾನೂ ಆ ಕೈ ನಡುಗ್ಲಿಲ್ಲ. ನಡುಗಿದ್ದು ನಂದು."

ಅಂಕಗಳನ್ನು ತರಿಸಿದರು, ಎದೆಯ ಪರೀಕ್ಷೆಯ ಪಟ್ಟಿಗಳನ್ನು ಬಿಡಿಸಿ ನೋಡಿದರು, ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಕೊನೆಗೆ ವಿನಾಯಿತಿ ಸಿಕ್ಕಿತು. ಟೀಚರಮ್ಮ ಮೆಟ್ಟಿಲಿಳಿದು ಬಂದ ಠೀವಿ ನೋಡಿದ್ದರೆ ಪಂದ್ಯಾವಳಿಯ ಕಪ್ಪು ಗೆದ್ದವಳು ಅವಳೇ ಎನ್ನಬೇಕಿತ್ತು.

ಆ ಸಂಜೆ ಸುದ್ದಿ ಹೇಳಲು ಅವಳೂ ಗಂಡನ ಜೊತೆ ಕ್ಲಬ್ಬಿಗೆ ಹೋದಳು. ಅಲ್ಲಿ ಚಿಟಿಕೆ ಇದ್ದ. ಚೆಂಡು ಮೇಜಿನ ಗುಳಿಯೊಳಗೆ ಬಿದ್ದಾಗಲೆಲ್ಲ ಬೆರಳಲ್ಲಿ ಚಿಟಿಕೆ ಹೊಡೆಯುವ ಚಟಕ್ಕೆ ಅವನಿಗೆ ಬಂದ ಹೆಸರು ಅದು. ವಯಸ್ಸಿನಲ್ಲಿ ಗಡಿಯಾರದವರಿಗಿಂತ ಎಷ್ಟೋ ಚಿಕ್ಕವನು, ಮೇಜಿನ ಮೇಲೆ ಮಾತ್ರ ಸರಿಸಮ. ಬಾಯಿಗೆ ಬೀಗವಿಲ್ಲ.

"ಅಣ್ಣ, ಈ ಸಲ ನೀವೇ ಗೆದ್ರಿ ಅನ್ಕೊಳ್ಳಿ. ಕಪ್ಪಿನ ಮೇಲೆ ನಿಮ್ಮ ಹೆಸರು ಕೆತ್ತಬೇಕಾ, ಮಾತ್ರೆ ಹೆಸರು ಕೆತ್ತಬೇಕಾ?"

ಎಲ್ಲರೂ ನಕ್ಕರು. ಗಡಿಯಾರದವರೂ ನಕ್ಕರು. ಕೋಲಿನ ತುದಿಗೆ ಚಾಕ್ ತಿಕ್ಕುತ್ತಿದ್ದ ಅವರ ಕೈ ಮಾತ್ರ ಒಂದು ಗಳಿಗೆ ನಿಂತಿತು. ಟೀಚರಮ್ಮ ಅದನ್ನು ನೋಡಿದಳು. ನೋಡಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗೆದ್ದವರ ಕಣ್ಣು ಸ್ವಲ್ಪ ಮಂಜೇ ಅಲ್ಲವೇ.

ಮರುದಿನದಿಂದ ಬೆಳಗ್ಗೆ ಮಾತ್ರೆ ಕೊಡುವುದೆಂದರೆ ಒಂದು ಕವಾಯತು. ಅವಳು ಮುಂದೆ ನಿಲ್ಲುವುದು, ಅವರು ಮಾತ್ರೆ ಬಾಯಿಗೆ ಹಾಕಿ ನೀರು ಕುಡಿಯುವುದು, ಆಮೇಲೆ ಒಳ್ಳೆಯ ವಿದ್ಯಾರ್ಥಿಯಂತೆ 'ಆ' ಎಂದು ಬಾಯಿ ತೆರೆದು ತೋರಿಸುವುದು. ಅದೇನು ಗ್ರಹಚಾರವೋ, ಆ ದಿನಗಳಲ್ಲೇ ನಡುಮನೆಯ ಗೋಡೆಯ ಲೋಲಕದ ಗಡಿಯಾರ ನಿಧಾನವಾಗತೊಡಗಿತು. ಗಡಿಯಾರದವರು ದಿನವೂ ಅದರ ಗಾಜಿನ ಬಾಗಿಲು ತೆರೆದು ಒಳಗೆ ಕೈ ಹಾಕಿ, "ಎಣ್ಣೆ ಕಮ್ಮಿಯಾಗಿದೆ" ಎಂದು ಗೊಣಗಿ ಮುಚ್ಚುವರು. ಪಂದ್ಯಾವಳಿ ಹತ್ತಿರವಾಗುವ ಹೊತ್ತಿಗೆ ಅದು ಪೂರಾ ನಿಂತೇಹೋಯಿತು.

"ಊರಿನ ಗಡಿಯಾರಕ್ಕೆಲ್ಲ ಜೀವ ಕೊಡ್ತೀರಿ, ನಮ್ಮನೇದು ಸತ್ತು ಬಿದ್ದಿದೆ. ದೀಪದ ಬುಡದಲ್ಲೇ ಕತ್ತಲು" ಎಂದು ಟೀಚರಮ್ಮ ಚುಚ್ಚಿದಳು. ಸಾಮಾನ್ಯವಾಗಿ ಇಂಥ ಮಾತಿಗೆ ಸಿಡಿಮಿಡಿಗೊಳ್ಳುವವರು ಅಂದು ಅವಸರದಲ್ಲಿ ಅಂಗಡಿಗೆ ಹೊರಟರು. ಅದನ್ನೂ ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪಂದ್ಯಾವಳಿಯಲ್ಲಿ ಕೊನೆಗೆ ಎದುರಾಬದುರಾ ನಿಂತವರು ಗಡಿಯಾರದವರು ಮತ್ತು ಚಿಟಿಕೆ. ಆಟ ಮುಗಿಯುತ್ತ ಬಂದಂತೆ ಗಡಿಯಾರದವರ ಹಣೆಯಲ್ಲಿ ಬೆವರು ಮೂಡಿತು, ತುಟಿ ಬಿಳಿಚಿಕೊಂಡಿತು. ಕೊನೆಯ ಹೊಡೆತಕ್ಕೆ ಬಾಗಿದಾಗ ಕೋಲಿನ ತುದಿ ನಡುಗಿದ್ದನ್ನು ಟೀಚರಮ್ಮ ಮೊದಲ ಸಾಲಿನಿಂದ ಕಂಡಳು. ಅವರು ಕೋಲು ಎತ್ತಿ, ಉಸಿರು ಬಿಗಿಹಿಡಿದು, ಮತ್ತೆ ಬಾಗಿ ಹೊಡೆದರು. ಚೆಂಡು ಗುಳಿಯ ಅಂಚಿನಲ್ಲಿ ಹೋಗಲೋ ಬೇಡವೋ ಎಂದು ಹೊಯ್ದಾಡಿ ಒಳಗೆ ಬಿತ್ತು. ಕೂದಲೆಳೆಯಲ್ಲಿ ಗೆದ್ದರು. ಕಪ್ಪು ಕೈಗೆ ಬರುವ ಮುಂಚೆಯೇ ಕುರ್ಚಿಯಲ್ಲಿ ಕುಸಿದು ಕೂತರು. ಪಾಪ, ಸಂತೋಷ ತಡೆಯಲಾಗಲಿಲ್ಲ ಎಂದು ಜನ ಚಪ್ಪಾಳೆ ತಟ್ಟಿದರು. ಆಮೇಲೆ ನಿಷಿದ್ಧ ಮದ್ದಿನ ಪರೀಕ್ಷೆಗೆ ಮೂತ್ರದ ಮಾದರಿ ಹಿಡಿಯುವ ಶೀಶೆಯವರು ಬಂದು ಗೆದ್ದವರನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು.

ಕೆಲವು ವಾರಗಳಾದ ಮೇಲೆ ಪ್ರಯೋಗಾಲಯದಿಂದ ಫಲಿತಾಂಶ ಬಂತು. ಅದನ್ನು ಕ್ಲಬ್ಬಿನಿಂದ ಕೈಯಲ್ಲಿ ಹಿಡಿದು ಓಡಿಬಂದವನು ಚಿಟಿಕೆಯೇ.

"ಅಣ್ಣ, ನನ್ನ ಬಾಯಿಗೆ ಹುಳ ಬೀಳ್ಲಿ. ಅತ್ತಿಗೆ, ನೀವೂ ಕೇಳಿ. ಯಾವ ಮದ್ದೂ ಒಂದು ಚೂರೂ ಸಿಕ್ಕಿಲ್ಲವಂತೆ. ಅಣ್ಣ ಗೆದ್ದಿದ್ದು ಬರೀ ಕೈಯಿಂದ."

ಗಡಿಯಾರದವರ ಮುಖ ಊರಗಲವಾಯಿತು. ಟೀಚರಮ್ಮನೂ ನಕ್ಕಳು. ನಗು ಅರ್ಧಕ್ಕೆ ಬಂದಾಗ ಒಳಗಿದ್ದ ಲೆಕ್ಕದ ಟೀಚರು ಎದ್ದು ಕೂತಳು. ದಿನಾ ಒಂದು ತಿನ್ನಿಸಿದ್ದೇನೆ. ಸಿಕ್ಕಿದ್ದು ಸೊನ್ನೆ. ಹಾಗಾದರೆ ನಡುವೆ ಎಲ್ಲೋ ಒಬ್ಬ ಕಳ್ಳ ಇರಬೇಕು.

"ಮಾತ್ರೆ ಎಲ್ಲಿ ರೀ?"

"ಯಾವ ಮಾತ್ರೆ?" ಎಂದರು ಗಡಿಯಾರದವರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವರ ಕಣ್ಣು ತಾನಾಗಿ ಗೋಡೆಯ ಗಡಿಯಾರಕ್ಕೆ ಹೋಗಿ ಬಂತು.

ಟೀಚರಮ್ಮ ಸ್ಟೂಲು ಎಳೆದು ಹತ್ತಿ ಗಾಜಿನ ಬಾಗಿಲು ತೆರೆದಳು. ಪೆಟ್ಟಿಗೆಯ ತಳದಲ್ಲಿ ಮಾತ್ರೆಗಳು ರಾಶಿ ಬಿದ್ದಿದ್ದವು. ಎಂಜಲು ತಾಗಿ ಕರಗಿ, ಒಂದಕ್ಕೊಂದು ಅಂಟಿ ಗುಡ್ಡೆಯಾಗಿದ್ದವು. ಲೋಲಕ ಆ ಗುಡ್ಡೆಗೆ ಒರಗಿ ನಿಂತಿತ್ತು. ಇಷ್ಟು ದಿನ ಆ ಮನೆಯಲ್ಲಿ ಔಷಧ ತೆಗೆದುಕೊಂಡದ್ದು ಗಡಿಯಾರ ಒಂದೇ, ಬಡಿತ ಇಳಿದದ್ದೂ ಅದಕ್ಕೇ. ಬಾಯಿ ತೆರೆಸಿ ನೋಡುತ್ತಿದ್ದ ಟೀಚರಮ್ಮ ನಾಲಿಗೆ ಎತ್ತಿಸಿ ನೋಡಿರಲಿಲ್ಲ.

ಚಿಟಿಕೆ ಬಾಗಿಲ ಕಡೆ ಹೆಜ್ಜೆ ಇಟ್ಟ. "ಕೂತ್ಕೊಳ್ಳಪ್ಪ" ಎಂದಳು ಟೀಚರಮ್ಮ ಸ್ಟೂಲಿನ ಮೇಲಿಂದಲೇ. ಅವನು ಕೂತ.

"ಮಾತ್ರೆ ಗೆಲ್ತು ಅಂತ ಹೇಳಿಸ್ಕೊಳ್ಳೋಕೆ ಆಗ್ಲಿಲ್ಲ ಕಣೇ" ಎಂದರು ಗಡಿಯಾರದವರು ನೆಲ ನೋಡುತ್ತ. "ನಂದು ಅಂತ ಜೀವಮಾನದಲ್ಲಿ ಇದ್ದಿದ್ದು ಈ ಕೈ ಒಂದೇ."

"ಮತ್ತೆ ನಾನು?"

ಟೀಚರಮ್ಮ ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕೂತು ಅತ್ತುಬಿಟ್ಟಳು. ಚಿಟಿಕೆ ನೋಡುತ್ತಿದ್ದಾನೆಂಬ ನಾಚಿಕೆಯೂ ಅವಳಿಗಾಗಲಿಲ್ಲ.

"ಆವತ್ತು ಆಸ್ಪತ್ರೆಲಿ ಈ ಕೈ ಹಿಡ್ಕೊಂಡು ಕೂತಿದ್ದೆ. ಆಗಲೂ ನಡುಗ್ತಿರ್ಲಿಲ್ಲ ರೀ. ತಣ್ಣಗಿತ್ತು. ನಂಗೆ ಎಷ್ಟು ಹೆದರಿಕೆ ಆಗಿತ್ತು ಗೊತ್ತಾ? ನಡುಗದ ಕೈ ಕಟ್ಕೊಂಡು ನಾನೇನು ಮಾಡ್ಲಿ? ನಡುಗ್ಲಿ ಬೇಕಾದ್ರೆ. ಬೆಚ್ಚಗಿದ್ರೆ ಸಾಕು."

ಗಡಿಯಾರದವರು ಎದ್ದು ಬಂದು ಅವಳ ತಲೆ ಮೇಲೆ ಕೈ ಇಟ್ಟರು. ಅವಳು ಅದನ್ನು ತಳ್ಳಿದಳು. ಕಣ್ಣೊರೆಸಿಕೊಂಡು ಆ ಗುಡ್ಡೆಯನ್ನು ಡಬ್ಬಿಗೆ ಹಾಕಿ, ಚಪ್ಪಲಿ ಮೆಟ್ಟಿ ನೇರ ಸಮಿತಿಯ ಕಚೇರಿಗೆ ಹೊರಟಳು.

"ಫಲಿತಾಂಶ ಚೆನ್ನಾಗೇ ಬಂದಿದೆಯಲ್ಲಮ್ಮ, ಏನೂ ಸಿಕ್ಕಿಲ್ಲ" ಎಂದರು ಮುಖ್ಯ ಡಾಕ್ಟರು.

"ಅದೇ ಸರ್ ನನ್ನ ದೂರು."

ಡಾಕ್ಟರು ಪೆನ್ನು ಕೆಳಗಿಟ್ಟರು. ಮದ್ದು ಸಿಕ್ಕಿದ್ದು ಸುಳ್ಳು ಎಂದು ವಾದಿಸಲು ಬಂದವರನ್ನು ಅವರು ಬೇಕಾದಷ್ಟು ಕಂಡಿದ್ದರು. ಸಿಗಲಿಲ್ಲವಲ್ಲ ಎಂದು ಜಗಳಕ್ಕೆ ಬಂದವರು ಇದೇ ಮೊದಲು. ಟೀಚರಮ್ಮ ಡಬ್ಬಿ ತೆರೆದು ಮೇಜಿನ ಮೇಲಿಟ್ಟಳು. ಒಳಗಿದ್ದದ್ದನ್ನು ನೋಡಿ, ಗಡಿಯಾರದ ಕಥೆ ಕೇಳಿ, ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು.

"ನಿಷಿದ್ಧ ಮಾತ್ರೆ ತಿನ್ನಲೇಬೇಕು ಅಂತ ಒತ್ತಾಯ ಮಾಡೋ ನಿಯಮ ನಮ್ಮಲ್ಲಿ ಇಲ್ಲಮ್ಮ."

"ಇವರಿಗೆ ಈ ಮಾತ್ರೆ ಇಲ್ದೆ ಆಗಲ್ಲ ಅಂತ ನನ್ನ ಕೈಲಿ ಸಾಬೀತು ಮಾಡಿಸಿದ್ದು ನೀವು. ಆಗಲ್ಲ ಅಂದ್ಮೇಲೆ ಇಲ್ದೆ ಹೇಗೆ ಆಡಿಸ್ತೀರಿ?"

ಬಲಗಡೆಯ ಡಾಕ್ಟರು ಇದಕ್ಕೆ ಉತ್ತರವಿದೆಯೇ ಎಂದು ಎಡಗಡೆಯವರನ್ನು ನೋಡಿದರು. ಎಡಗಡೆಯವರು ಕೆಮ್ಮಲೂ ಹೆದರಿ ಕೂತಿದ್ದರು. ಕೊನೆಗೆ ಮೂವರೂ ಸೇರಿ ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಒಂದು ದಾರಿ ಹುಡುಕಿದರು. ಹೃದಯದ ಡಾಕ್ಟರು ಬರೆದಷ್ಟು ಮಾತ್ರೆಯನ್ನು ತಪ್ಪದೆ ತೆಗೆದುಕೊಂಡರೆ ಮಾತ್ರ ವಿನಾಯಿತಿ ಉಳಿಯುತ್ತದೆ. ಶೀಶೆಯವರು ಹೇಳದೆ ಕೇಳದೆ ಮನೆಗೆ ಬಂದು ಮಾದರಿ ಹಿಡಿಯುತ್ತಾರೆ. ಅದರಲ್ಲಿ ಮಾತ್ರೆ ಸಿಗಲಿಲ್ಲವೋ, ಗಡಿಯಾರದವರು ಕೋಲು ಕೆಳಗಿಡಬೇಕು.

ಒಂದು ಬೆಳಗ್ಗೆ ಶೀಶೆಯವರು ಬಂದೇಬಿಟ್ಟರು. ಅವರನ್ನು ಕಂಡರೆ ಆಟಗಾರರ ಮನೆಗಳಲ್ಲಿ ಬಾಗಿಲು ಹಾಕಿಕೊಳ್ಳುವುದು ವಾಡಿಕೆ. ಇಲ್ಲಿ ಫ್ಯಾನಿನ ಕೆಳಗೆ ಕುರ್ಚಿ, ಟೀ, ಎರಡನೇ ಸಲ ಟೀ. ಶೀಶೆ ಹಿಡಿದು ಬಂದ ಮನುಷ್ಯ ಕಕ್ಕಾಬಿಕ್ಕಿಯಾದ.

"ಎಲ್ಲಾ ಕಡೆ 'ಏನೂ ಸಿಗದಿರ್ಲಿ' ಅಂತ ಬೇಡ್ಕೋತಾರಮ್ಮ" ಎಂದ ಬಚ್ಚಲಮನೆಯಿಂದ ಹೊರಬಂದು.

"ನೀವು ಸರಿಯಾಗಿ ಹುಡುಕಿಸಿ" ಎಂದಳು ಟೀಚರಮ್ಮ. ಹಿಂದೆಯೇ ಬಂದ ಗಡಿಯಾರದವರ ಮುಖದಲ್ಲಿ ಪರೀಕ್ಷೆ ಬರೆದು ಬಂದವರ ಕಳವಳವಿತ್ತು.

ಫಲಿತಾಂಶ ಬಂದ ದಿನ ಟೀಚರಮ್ಮ ಬುಟ್ಟಿ ತುಂಬ ಸಿಹಿ ತರಿಸಿ ಬೀದಿಗೆಲ್ಲ ಹಂಚಿದಳು. ಚಿಟಿಕೆ ಬಂದಾಗ ಅವನ ಕೈಗೂ ಒಂದು ಇಟ್ಟಳು.

"ಏನು ವಿಶೇಷ ಅತ್ತಿಗೆ?"

"ನಿಮ್ಮಣ್ಣ ಸಿಕ್ಕಿಬಿದ್ರು."

ಚಿಟಿಕೆ ಸಿಹಿ ಬಾಯಿಗಿಟ್ಟುಕೊಂಡು, "ಮುಂದಿನ ಸಲ ಕಪ್ಪಿನ ಮೇಲೆ ಅತ್ತಿಗೆ ಹೆಸರೇ ಕೆತ್ತಿಸೋಣ ಅಣ್ಣ" ಎಂದ. ಗಡಿಯಾರದವರು ಈ ಸಲ ಮನಸಾರೆ ನಕ್ಕರು. ಅವರ ತಲೆಯ ಮೇಲೆ, ಎಣ್ಣೆಯೇನೂ ಹಾಕದೆಯೇ, ಗೋಡೆಯ ಗಡಿಯಾರ ಓಡುತ್ತಿತ್ತು.

ಉಳಿದ ಕೊನೆಯ ಸಿಹಿಯನ್ನು ಟೀಚರಮ್ಮ ಗಂಡನ ಅಂಗೈಯಲ್ಲಿಟ್ಟಳು. ಅಂಗೈ ಬೆಚ್ಚಗಿತ್ತು. ಇಟ್ಟ ಮೇಲೂ ಅವಳು ಆ ಕೈಯನ್ನು ಬಿಡಲಿಲ್ಲ. ಗಡಿಯಾರದವರು ಇನ್ನೊಂದು ಕೈಯಿಂದ ಸಿಹಿ ಎತ್ತಿ ಬಾಯಿಗೆ ಹಾಕಿಕೊಂಡು, ಅಗಿದು ನುಂಗಿ, ಅಭ್ಯಾಸಬಲದಿಂದ 'ಆ' ಎಂದು ಬಾಯಿ ತೆರೆದರು.

"ನಾಲಿಗೆ ಎತ್ತಿ" ಎಂದಳು ಟೀಚರಮ್ಮ.